ಲೋಥಲ್‌ನ ಕುಲುಮೆಯಿಂದ ನಮ್ಮ ಮನೆಯ ಓವನ್‌ವರೆಗೆ: ಗುಜರಾತಿನಲ್ಲಿ ಮಣಿ ಮತ್ತು ಬೆಂಕಿಯ ಕಥೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ ಈ ವಾರದ ಮಾತಿನ ಬರಹ ರೂಪ ಇಲ್ಲಿದೆ. ಕ್ಯಾಮೆರಾ ಮುಂದೆ ಹೇಳೋಕೆ ಮರೆತ ಒಂದೆರಡು ವಿಷಯಗಳನ್ನೂ ಸೇರಿಸಿದ್ದೇನೆ.

ಕಥೆ ಶುರುವಾಗಿದ್ದು ಮಗಳ ಸ್ಕ್ರಾಪ್‌ಬುಕ್‌ನಿಂದ. ಕೆಲಸದ ಸಲುವಾಗಿ ನಾವು ಬೆಂಗಳೂರು ಬಿಟ್ಟು ಅಹಮದಾಬಾದಿಗೆ ಬಂದು ನಾಲ್ಕು ವರ್ಷ ಆಯ್ತು. ಮಗಳು ಮೂರನೇ ಕ್ಲಾಸು. ಬೇಸಿಗೆ ರಜೆಗೆ ಶಾಲೆಯಲ್ಲಿ ‘ನನ್ನ ಊರು’ ಅಂತ ಪ್ರಾಜೆಕ್ಟ್ ಕೊಟ್ಟರು. ಅವಳು ಬಂದು ಕೇಳಿದ್ದು ಒಂದೇ ಪ್ರಶ್ನೆ: “ಅಪ್ಪಾ, ನನ್ನ ಊರು ಯಾವ್ದು? ಅಜ್ಜಿ ಮನೆ ಸಾಗರನಾ, ಇಲ್ಲಿದಾ?” ಎಂಟೆಕ್ ಮಾಡಿದವನ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. “ಎರಡೂ ಹಾಕು” ಅಂದು ಜಾರಿಕೊಂಡೆ.

ಆಮೇಲೆ ಅಲಂಕಾರದ ಮಾತು ಬಂತು. ಪ್ಲಾಸ್ಟಿಕ್ ಮಣಿಗಳನ್ನು ಓವನ್‌ನಲ್ಲಿ ಕರಗಿಸಿ ಹೂವು, ಹೃದಯ, ನಕ್ಷತ್ರ ಮಾಡಿ ಪುಟಕ್ಕೆ ಅಂಟಿಸುವುದನ್ನು ಅವಳು ಎಲ್ಲೋ ನೋಡಿದ್ದಳು. ನಮ್ಮ ಮನೆಯಲ್ಲಿ ಮಣಿಗಳು ಇದ್ದವು. ಸಾಗರದ ಮನೆಯ ತಲೆಬಾಗಿಲಿಗೆ ಅಮ್ಮ ಮದುವೆಯಾದ ಹೊಸದರಲ್ಲಿ ಪೋಣಿಸಿದ ಮಣಿ ತೋರಣ ಇತ್ತು. ನಡುವೆ ಕೆಂಪು ಗಿಳಿ, ಸುತ್ತ ಹಸಿರು ಬಳ್ಳಿ. ಮೂವತ್ತು ವರ್ಷದ ಮಳೆಗಾಲ ಕಂಡು ದಾರ ಲಡ್ಡಾಗಿ, ಒಂದು ದಿನ ಪೂರ್ತಿ ಕೆಳಗೆ ಬಿತ್ತು. ಅಮ್ಮ ಗುಡಿಸಿ ಹಾರ್ಲಿಕ್ಸ್ ಬಾಟಲಿಗೆ ತುಂಬಿ ಇಟ್ಟಿದ್ದಳು. ಕಳೆದ ಸಲ ಹೋದಾಗ ನಾನೇ ಎತ್ತಿಕೊಂಡು ಬಂದಿದ್ದೆ. ಈಗ ಮಗಳು ಆ ಬಾಟಲಿ ಹಿಡಿದು ನಿಂತಿದ್ದಾಳೆ. ಕರಗಿಸೋಣ ಅಂತಾಳೆ. ನನಗೆ ಜೀವ ಒಪ್ಪಲಿಲ್ಲ.

ಮೊದಲು ಪೇಟೆಯ ಮಣಿ ತಂದು ನೋಡೋಣ ಅಂದೆ. ಮೇ ತಿಂಗಳ ಅಹಮದಾಬಾದು, ಹೊರಗೆ 43 ಡಿಗ್ರಿ. ಕಿಟಕಿ ಮುಚ್ಚಿ ಏಸಿ ಹಾಕಿ, ಬೇಗ ಆಗಲಿ ಅಂತ ಓವನ್ ಕೂಡ ಪೂರ್ತಿ ತಿರುಗಿಸಿದೆ. ಹತ್ತು ನಿಮಿಷಕ್ಕೆ ಮನೆ ತುಂಬ ಕಟು ವಾಸನೆ, ತೆಳು ಹೊಗೆ. ಮಗಳು ಕೆಮ್ಮೋಕೆ ಶುರು. ಹೆಂಡತಿ ಓಡಿ ಬಂದು ಸ್ವಿಚ್ ಆಫ್ ಮಾಡಿ ನನ್ನ ಮುಖ ನೋಡಿದ ರೀತಿಯನ್ನು ಇಲ್ಲಿ ಬರೆಯೋದು ಬೇಡ. ರಾತ್ರಿ ಮಗಳ ಕೆಮ್ಮು ನಿಂತ ಮೇಲೂ ನನಗೆ ನಿದ್ದೆ ಬರಲಿಲ್ಲ. ಮಣಿ ಮತ್ತು ಬೆಂಕಿ ಬಗ್ಗೆ ಓದುತ್ತಾ ಕೂತೆ. ನಾನಿರುವ ಊರಿನ ಸುತ್ತಲೇ ಅದರ ನಾಲ್ಕು ಸಾವಿರ ವರ್ಷದ ಇತಿಹಾಸ ಬಿದ್ದಿತ್ತು.

ಆನಂದಪುರದಿಂದ ಬಂದವರು

ಅಹಮದಾಬಾದಿನಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ ಸರಗ್‌ವಾಲಾ ಅಂತ ಹಳ್ಳಿ. ಪಕ್ಕದಲ್ಲಿ ಒಂದು ದಿಬ್ಬ. ಜನ ಅದನ್ನು ಲೋಥಲ್ ಅಂತಿದ್ದರು, ಅಂದ್ರೆ ಸತ್ತವರ ದಿಬ್ಬ. ಅದು ಸಿಂಧೂ ನಾಗರಿಕತೆಯ ಪಟ್ಟಣ ಅಂತ 1954ರಲ್ಲಿ ಗುರುತಿಸಿ, ಮರುವರ್ಷದಿಂದ ಉತ್ಖನನ ಮಾಡಿಸಿದವರು ಎಸ್. ಆರ್. ರಾವ್. ಪೂರ್ತಿ ಹೆಸರು ಶಿಕಾರಿಪುರ ರಂಗನಾಥ ರಾವ್. ಹುಟ್ಟಿದ್ದು 1922ರಲ್ಲಿ, ಆನಂದಪುರದಲ್ಲಿ. ಓದಿದ್ದು ಮೈಸೂರು ವಿಶ್ವವಿದ್ಯಾಲಯ. ಆಮೇಲೆ ಬರೋಡಾ ಸಂಸ್ಥಾನದ ಪುರಾತತ್ವ ಇಲಾಖೆ, ಅಲ್ಲಿಂದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ. ಮುಂದೆ ಸಮುದ್ರದಡಿಯ ದ್ವಾರಕೆಯನ್ನು ಹುಡುಕಿದವರೂ ಇವರೇ. ತೀರಿಕೊಂಡಿದ್ದು 2013ರಲ್ಲಿ.

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಬಸ್ಸು ಆನಂದಪುರದಲ್ಲಿ ನಿಲ್ಲುತ್ತೆ. ಅಲ್ಲಿ ಇಳಿದು ಎಷ್ಟು ಸಲ ಟೀ ಕುಡಿದಿದ್ದೇನೋ ಲೆಕ್ಕ ಇಲ್ಲ. ಆ ಊರಿನವರೊಬ್ಬರು ನನಗಿಂತ ಎಷ್ಟೋ ಮುಂಚೆ ಕೆಲಸ ಹುಡುಕಿಕೊಂಡು ಇದೇ ಗುಜರಾತಿಗೆ ಬಂದಿದ್ದರು, ಇಲ್ಲಿನವರ ಕಾಲ ಕೆಳಗಿದ್ದ ಪಟ್ಟಣವನ್ನು ಇಲ್ಲಿನವರಿಗೇ ತೋರಿಸಿಕೊಟ್ಟಿದ್ದರು ಅನ್ನೋದು ಗೊತ್ತಿರಲಿಲ್ಲ.

ಲೋಥಲ್ ಅಂದ್ರೆ ಎಲ್ಲರೂ ಹಡಗುಕಟ್ಟೆ ಬಗ್ಗೆ ಮಾತಾಡ್ತಾರೆ. ಅಲ್ಲಿ ಮಣಿ ಮಾಡುವ ಕಾರ್ಖಾನೆಯೂ ಸಿಕ್ಕಿದೆ. ನಡುವೆ ಅಂಗಳ, ಸುತ್ತ 11 ಕೋಣೆಗಳು, ಹತ್ತಿರದಲ್ಲೇ ಎರಡು ಅಂತಸ್ತಿನ ದುಂಡನೆಯ ಕುಲುಮೆ. ಕೆಳಗೆ ಬೆಂಕಿ, ಮೇಲೆ ಮಣಿ. ಬೆಂಕಿ ನೇರವಾಗಿ ಮಣಿಗೆ ತಾಗದಂತೆ ಬಿಸಿ ಮಾತ್ರ ಏರುವ ವ್ಯವಸ್ಥೆ. ನಮ್ಮ ಓವನ್ ಮಾಡುವುದೂ ಇದನ್ನೇ. ಅವರಿಗೂ ನನಗೂ ಇದ್ದ ವ್ಯತ್ಯಾಸ ಒಂದೇ: ಅವರು ಕುಲುಮೆಯನ್ನು ಮಲಗುವ ಕೋಣೆಯ ಪಕ್ಕ, ಕಿಟಕಿ ಮುಚ್ಚಿ ಹಚ್ಚಿರಲಿಲ್ಲ.

ಬಳಪದ ಕಲ್ಲಿನ ಹಿಟ್ಟು

ಕರಗಿಸಿದ ಮಣಿಗೆ ತೀರಾ ಹತ್ತಿರದ ಪುರಾತನ ನೆಂಟ ಅಂದ್ರೆ ಸಿಂಧೂ ಜನರ ಸೂಕ್ಷ್ಮಮಣಿ. ಉತ್ತರ ಗುಜರಾತಿನ ಝೇಕಡಾದಲ್ಲಿ ಒಂದು ಸಣ್ಣ ಮಡಕೆಯಲ್ಲಿ ಸುಮಾರು 34,000 ಮಣಿಗಳು ಸಿಕ್ಕವು. ಒಂದೊಂದೂ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದಪ್ಪ. ಸಾಸಿವೆಗಿಂತ ಸಣ್ಣದು, ಅದರೊಳಗೆ ತೂತು ಬೇರೆ. ಕಲ್ಲನ್ನು ಒಂದೊಂದಾಗಿ ಕೊರೆದು ಇಷ್ಟು ಸಣ್ಣದು ಮಾಡೋಕೆ ಸಾಧ್ಯವಾ?

ವಡೋದರದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಕೆ. ಟಿ. ಎಂ. ಹೆಗಡೆ, ಆರ್. ವಿ. ಕಾರಂತ್ ಮತ್ತು ಸಂಗಡಿಗರು ಇದನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ 1982ರಲ್ಲಿ ಪ್ರಕಟಿಸಿದರು. (ಈ ಹೆಸರುಗಳನ್ನು ಓದುವಾಗ ಕರಾವಳಿ ಕಡೆಯ ಮದುವೆ ಕಾಗದ ಓದಿದ ಹಾಗಾಯ್ತು.) ಅವರ ವಿವರಣೆ ಹೀಗೆ. ಕಲ್ಲು ಸ್ಟಿಯಟೈಟ್, ಅಂದ್ರೆ ನಮ್ಮ ಬಳಪದ ಕಲ್ಲು. ಬೇಲೂರು, ಹಳೇಬೀಡಿನ ಶಿಲ್ಪಗಳ ಕಲ್ಲಿಗೂ ನಾವು ಇದೇ ಹೆಸರು ಹೇಳ್ತೇವೆ. ಅದನ್ನು ನುಣ್ಣಗೆ ಅರೆದು, ಹಿಟ್ಟಿನಂತೆ ಕಲಸಿ, ತೂತಿನ ಬಿಲ್ಲೆಯ ಮೂಲಕ ಒತ್ತಿ, ಹೊರಬಂದ ಎಳೆಯನ್ನು ತುಂಡು ತುಂಡಾಗಿ ಕತ್ತರಿಸಿ, ಕೊನೆಗೆ 900 ಡಿಗ್ರಿಗೂ ಹೆಚ್ಚು ಶಾಖದಲ್ಲಿ ಸುಡುತ್ತಿದ್ದರು. ಚಕ್ಕುಲಿ ಒರಳು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಟ್ಟ ಮೇಲೆ ಕಲ್ಲಿನ ಒಳಗಿನ ನೀರಿನಂಶ ಹೋಗಿ ಖನಿಜವೇ ಬದಲಾಗುತ್ತೆ. ಉಗುರಿನಲ್ಲಿ ಗೀರಬಹುದಾಗಿದ್ದ ಬಳಪ ಗಾಜನ್ನೇ ಗೀರುವಷ್ಟು ಗಟ್ಟಿಯಾಗುತ್ತೆ.

ಇವತ್ತು ಪ್ಲಾಸ್ಟಿಕ್ ಮಣಿ ಮಾಡುವ ಯಂತ್ರದಲ್ಲೂ ಇದೇ ತತ್ವ ಕಾಣಬಹುದು. ಪ್ಲಾಸ್ಟಿಕ್ಕನ್ನು ಮೆದು ಮಾಡಿ, ತೂತಿನಿಂದ ಕೊಳವೆಯಾಗಿ ಒತ್ತಿ, ಕತ್ತರಿಸು.

ಖಂಭಾತದ ಕೆಂಪು

ಲೋಥಲ್ ಪಾಳುಬಿದ್ದ ಮೇಲೂ ಈ ಸೀಮೆಯಲ್ಲಿ ಮಣಿ ಕೆಲಸ ನಿಲ್ಲಲಿಲ್ಲ. ಅಹಮದಾಬಾದ್ ಮತ್ತು ವಡೋದರಕ್ಕೆ ಹತ್ತಿರದಲ್ಲೇ ಖಂಭಾತ್ ಇದೆ. ಇಂಗ್ಲಿಷರು ಕ್ಯಾಂಬೆ ಅಂದ ಊರು. ಅಲ್ಲಿಗೆ ಅಕೀಕು ಕಲ್ಲು ಬರೋದು ಭರೂಚ್ ಕಡೆಯ ರತನಪುರದ ಗಣಿಗಳಿಂದ. ಆ ಗಣಿ ಗುಡ್ಡದ ಮೇಲೆ ಬಾವಾ ಘೋರ್ ಎಂಬ ಸಂತನ ದರ್ಗಾ ಇದೆ. ಆಫ್ರಿಕಾದಿಂದ ಬಂದು ಮಣಿ ವ್ಯಾಪಾರ ಮಾಡಿದವನು ಅಂತ ಪ್ರತೀತಿ, ಸಿದ್ದಿ ಜನರಿಗೆ ಮುಖ್ಯ ದೈವ. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳನ್ನು ಬಲ್ಲವರಿಗೆ ಇದು ಆಸಕ್ತಿಯ ವಿಷಯ. ವಿಜಯನಗರದ ವೈಭವ ಬರೆದಿಟ್ಟ ಪೋರ್ಚುಗೀಸ್ ಬರಹಗಾರ ದುವಾರ್ತೆ ಬರ್ಬೋಸಾ, 16ನೇ ಶತಮಾನದ ಆರಂಭದಲ್ಲಿ ಇದೇ ಗಣಿ ಪ್ರದೇಶದ ಲಿಮೋದ್ರಾದಲ್ಲಿ ಕಲ್ಲನ್ನು ಬೆಂಕಿಯಲ್ಲಿ ಕೆಂಪು ಮಾಡಿ ಮಣಿ ಮಾಡುವುದನ್ನೂ ಬರೆದಿದ್ದಾನೆ.

ಗಣಿಯಿಂದ ಬರುವಾಗ ಆ ಕಲ್ಲು ಮಾಸಲು ಹಳದಿ. ಬಿಸಿಲಲ್ಲಿ ಒಣಗಿಸಿ, ಮಡಕೆಯಲ್ಲಿಟ್ಟು, ಮರದ ಹೊಟ್ಟು ಅಥವಾ ಬೆರಣಿಯ ನಿಧಾನ ಬೆಂಕಿಯಲ್ಲಿ ಸುಟ್ಟರೆ ಒಳಗಿನ ಕಬ್ಬಿಣದ ಅಂಶ ಬದಲಾಗಿ ಕಡುಕೆಂಪು ಬರುತ್ತೆ. ಅವಸರ ಮಾಡಿದರೆ ಕಲ್ಲು ಸೀಳುತ್ತೆ. ಕೊರೆಯೋದು ಇನ್ನೂ ನಿಧಾನ. ಅಮೆರಿಕದ ಪುರಾತತ್ವಜ್ಞ ಕೆನೋಯರ್, ಇಟಲಿಯ ವಿದಾಲೆ, ವಡೋದರದ ಕುಲದೀಪ್ ಭಾನ್ ಖಂಭಾತದ ಕುಶಲಕರ್ಮಿಗಳ ಜೊತೆ ಕೂತು ಅಧ್ಯಯನ ಮಾಡಿದರು. ಸಿಂಧೂ ಕಾಲದ ಕಲ್ಲಿನ ಕೊರೆಮೊನೆಯಿಂದ ಗಂಟೆಗೆ ಸುಮಾರು 2.5 ಮಿಲಿಮೀಟರ್ ಮಾತ್ರ ಕೊರೆಯಲು ಸಾಧ್ಯ ಅನ್ನೋದು ಕೆನೋಯರ್ ಪ್ರಯೋಗದ ಲೆಕ್ಕ. ಉದ್ದನೆಯ ಒಂದು ಮಣಿಗೆ ದಿನಗಟ್ಟಲೆ ಕೆಲಸ. ನಾವು ಬಿಲ್ಡ್ ಅರ್ಧ ಗಂಟೆ ತೆಗೆದುಕೊಂಡರೆ ಗೊಣಗುತ್ತೇವೆ.

ಇಂಥ ಕೆಂಪು ಮಣಿಗಳು ಇರಾಕಿನ ಊರ್ ಎಂಬ ಪಟ್ಟಣದ ರಾಜಗೋರಿಗಳಲ್ಲೂ ಸಿಕ್ಕಿವೆ. ಮಣಿಗಳಷ್ಟೇ ಅಲ್ಲ, ಮಣಿಗಾರರೇ ಅಲ್ಲಿಗೆ ಹೋಗಿ ನೆಲೆಸಿ, ಅಲ್ಲಿನವರಿಗೆ ಬೇಕಾದ ಆಕಾರದಲ್ಲಿ ಮಾಡಿಕೊಟ್ಟಿರಬಹುದು ಅಂತ ಕೆಲವು ವಿದ್ವಾಂಸರ ಅಭಿಪ್ರಾಯ. ನಾಲ್ಕೂವರೆ ಸಾವಿರ ವರ್ಷದ ಹಿಂದಿನ ಆನ್‌ಸೈಟ್ ಅನ್ನಿ. ಅವರ ಮಕ್ಕಳು ಕೂಡ “ನಮ್ಮ ಊರು ಯಾವ್ದು” ಅಂತ ಕೇಳಿರಬಹುದಾ ಅಂತ ನನಗೆ ಅನ್ನಿಸಿತು.

ಇನ್ನು ನನ್ನ ನಿದ್ದೆ ಕೆಡಿಸಿದ ಭಾಗ. ಅಕೀಕು ಅಂದ್ರೆ ಸಿಲಿಕಾ. ಅದನ್ನು ಸಾಣೆಗೆ ಹಿಡಿದಾಗ ಏಳುವ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತೆ. ಬಂದ ಮೇಲೆ ವಾಸಿಯಾಗುವ ರೋಗ ಅಲ್ಲ, ಕ್ಷಯಕ್ಕೂ ದಾರಿ ಮಾಡುತ್ತೆ. ಅಹಮದಾಬಾದಿನಲ್ಲೇ ಇರುವ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಖಂಭಾತದ ಕೆಲಸಗಾರರನ್ನು ಪರೀಕ್ಷಿಸಿ ಇದನ್ನು ದಾಖಲಿಸಿದೆ. ಈ ಕೆಲಸ ಹೆಚ್ಚಾಗಿ ನಡೆಯೋದು ಮನೆಯಂಗಳದಲ್ಲಿ. ಹಾಗಾಗಿ ಧೂಳು ಸಾಣೆ ಹಿಡಿದವನ ಹೆಂಡತಿ ಮಕ್ಕಳ ಎದೆಗೂ ಇಳಿಯುತ್ತೆ, ಕಾರ್ಖಾನೆಗಳಿಗಿರುವ ಕಾನೂನಿನ ರಕ್ಷಣೆ ಮನೆಯೊಳಗೆ ಬರುವುದಿಲ್ಲ. ನಾನು ಒಂದು ಮಧ್ಯಾಹ್ನದ ಹೊಗೆಗೆ ಹೆದರಿ ಕೂತಿದ್ದೆ. ಅಲ್ಲಿ ದಿನಾ ಅದೇ ಅನ್ನ.

ವಡೋದರದ ದಾಣಾ, ಸೂರತ್‌ನ ಜರಿ

ಕಲ್ಲಿನ ನಂತರ ಗಾಜಿನ ಮಣಿ. ಸೌರಾಷ್ಟ್ರದ ಹೆಂಗಸರು ಬಾಗಿಲ ತೋರಣ, ಗೋಡೆಯ ಚಕ್ಲಾಗಳನ್ನು ಪುಟ್ಟ ಗಾಜಿನ ಮಣಿಗಳಿಂದ ಹೆಣೆಯುತ್ತಿದ್ದರು. ಅದಕ್ಕೆ ಮೋತಿಭರತ್ ಅಂತಾರೆ. ಅಲ್ಲೂ ಗಿಳಿ, ಬಳ್ಳಿ. ಇಲ್ಲಿನ ಪಕ್ಕದ ಮನೆಯ ಬೆನ್ ಅವರ ಬಾಗಿಲಲ್ಲಿ ಮೊದಲ ಸಲ ನೋಡಿದಾಗ ನಮ್ಮ ಮನೆಯದ್ದೇ ಯಾರು ತಂದರಪ್ಪಾ ಅನ್ನಿಸಿತ್ತು.

ಆಮೇಲೆ ಪ್ಲಾಸ್ಟಿಕ್. ವಡೋದರದ ಹತ್ತಿರ ಕೊಯಲಿಯಲ್ಲಿ 1965ರಲ್ಲಿ ತೈಲ ಸಂಸ್ಕರಣಾಗಾರ ಶುರುವಾಯ್ತು. 1969ರಲ್ಲಿ ಸರ್ಕಾರಿ ಪೆಟ್ರೋಕೆಮಿಕಲ್ ಕಂಪನಿ ಐಪಿಸಿಎಲ್ ಹುಟ್ಟಿತು. 2007ರಲ್ಲಿ ಅದು ರಿಲಯನ್ಸ್‌ನಲ್ಲಿ ವಿಲೀನವಾಯ್ತು. ಇಂಥ ಕಾರ್ಖಾನೆಗಳಿಂದ ಪ್ಲಾಸ್ಟಿಕ್ ಹೊರಬರೋದು ಸಣ್ಣ ಕಾಳಿನ ರೂಪದಲ್ಲಿ. ವ್ಯಾಪಾರಿಗಳು ಅದನ್ನು ‘ದಾಣಾ’ ಅಂತಾರೆ. ಅಂದ್ರೆ ಬಕೆಟ್ಟಾಗುವ ಮೊದಲು ಪ್ಲಾಸ್ಟಿಕ್ ಕೂಡ ಮಣಿಯೇ.

ಸೂರತ್‌ನಲ್ಲಿ ಬೇರೆ ಥರದ ಬದಲಾವಣೆ. ಬೆಳ್ಳಿ ಎಳೆಗೆ ಚಿನ್ನದ ಲೇಪ ಕೊಟ್ಟು ಮಾಡುವ ಜರಿಗೆ ಆ ಊರು ಪ್ರಸಿದ್ಧ. ದಕ್ಷಿಣದ ರೇಷ್ಮೆ ಸೀರೆಗಳ ಅಂಚಿಗೂ ಅದು ಬಂದಿದೆ. ಈಗ ಅಗ್ಗದ ಸೀರೆಗೆ ಬರೋದು ಲೋಹದ ಲೇಪವಿರುವ ಪಾಲಿಯೆಸ್ಟರ್ ಪೊರೆಯ ಎಳೆ. ಸ್ಕ್ರಾಪ್‌ಬುಕ್‌ಗೆ ತಂದ ಲೇಸು ಅದೇ.

ಮಣಿಯನ್ನು ಬಿಸಿ ಮಾಡಿ ಬೆಸೆಯುವ ಮಕ್ಕಳ ಆಟ ಯುರೋಪಿನ ಉತ್ತರ ದೇಶಗಳಿಂದ ಹರಡಿತು. ಡೆನ್ಮಾರ್ಕಿನ ಹಾಮಾ ಮಣಿಗಳು ಅದರಲ್ಲಿ ಹೆಸರಾದವು. 29ಕ್ಕೆ 29 ಮೊಳೆಗಳ ಹಲಗೆಯ ಮೇಲೆ 5 ಮಿಲಿಮೀಟರ್ ಮಣಿಗಳನ್ನು ಜೋಡಿಸಿ, ಮೇಲೆ ಕಾಗದ ಇಟ್ಟು ಇಸ್ತ್ರಿ ಹಾಕೋದು. ಒಟ್ಟು 841 ಮಣಿ, 841 ಪಿಕ್ಸೆಲ್.

ಎರಡನೇ ಪ್ರಯತ್ನ

ಕೊನೆಗೆ ಅಮ್ಮನಿಗೆ ಫೋನ್ ಮಾಡಿದೆ. “ಆ ಮಣಿ ಕರಗಿಸಬಹುದಾ ಅಮ್ಮಾ?” ಅಂದೆ. “ದಾರ ಹೋದ ಮೇಲೆ ಅದನ್ನ ಎಂತಕ್ಕೆ ಇಟ್ಕಳ್ತೀಯ ಮಾರಾಯ? ಕೂಸು ಆಸೆಪಟ್ಟಿದೆ, ಮಾಡಿ ಕೊಡು. ಕಿಟಕಿ ತೆಗೆದಿಟ್ಟು ಮಾಡು” ಅಂದಳು. ಓವನ್ ಕಥೆ ಹೆಂಡತಿಯಿಂದ ಆಗಲೇ ಸಾಗರ ತಲುಪಿತ್ತು.

ಈ ಸಲ ಇಂಜಿನಿಯರ್ ಥರ ಮಾಡಿದೆವು. ನೀವೂ ಮಾಡುವುದಾದರೆ ಗಮನಿಸಿ. ಮೊದಲು ಮಣಿ ಯಾವ ಪ್ಲಾಸ್ಟಿಕ್ ಅಂತ ನೋಡಬೇಕು. ನೀರಿಗೆ ಹಾಕಿದಾಗ ತೇಲಿದರೆ ಸಾಮಾನ್ಯವಾಗಿ ಪಾಲಿಎಥಿಲೀನ್ ಜಾತಿಯದು. ಬೆಣ್ಣೆ ಕಾಗದದ ಕೆಳಗಿಟ್ಟು ಇಸ್ತ್ರಿಯಲ್ಲಿ ಬೆಸೆದರೆ ಸಾಕು. ನೀರಲ್ಲಿ ಮುಳುಗಿ, ಉಪ್ಪು ಕರಗುವಷ್ಟೂ ಹಾಕಿದ ನೀರಲ್ಲಿ ತೇಲಿದರೆ ಹೆಚ್ಚಾಗಿ ಪಾಲಿಸ್ಟೈರೀನ್. ಓವನ್‌ಗೆ ಹೋಗೋದು ಇದೇ. ಉಪ್ಪುನೀರಲ್ಲೂ ಮುಳುಗಿದರೆ ಗಾಜು ಇರಬಹುದು, ಪಿವಿಸಿ ಇರಬಹುದು. ಅದನ್ನು ಬಿಸಿ ಮಾಡಲೇಬಾರದು, ಪಿವಿಸಿ ಸುಟ್ಟರೆ ಆಮ್ಲದ ಹೊಗೆ ಬರುತ್ತೆ. ಅಡುಗೆಯ ಓವನ್ ಬೇಡ, ಹಳೆಯದೊಂದನ್ನು ಇದಕ್ಕೇ ಮೀಸಲಿಡಿ. ಬಾಲ್ಕನಿಯಲ್ಲಿಡಿ. ಶಾಖ 200 ಡಿಗ್ರಿ ದಾಟದಿರಲಿ. ಮಣಿಗಳ ಅಂಚು ಕೂಡಿಕೊಂಡ ಕೂಡಲೇ ಆರಿಸಿ, ಪೂರ್ತಿ ತಣ್ಣಗಾಗುವ ತನಕ ಮುಟ್ಟಬೇಡಿ. ಮಕ್ಕಳು ಜೋಡಿಸಲಿ, ಕರಗಿಸುವಾಗ ದೂರ ಇರಲಿ.

ಅಮ್ಮನ ಬಾಟಲಿಯಲ್ಲಿ ಕೆಂಪು, ಹಸಿರು ಬಹುಪಾಲು ಉಪ್ಪುನೀರಲ್ಲಿ ತೇಲಿದವು. ಗಿಳಿಯ ಕಣ್ಣಿನ ಕಪ್ಪು ಮಣಿ ಎರಡೂ ಮುಳುಗಿದವು. ಅವನ್ನು ತೆಗೆದು ಬಾಟಲಿಗೇ ವಾಪಸ್ ಹಾಕಿದೆ.

ಬಿಸ್ಕತ್ತಿನ ಅಚ್ಚಿನಲ್ಲಿ ಎರಡು ಹೂವು, ಒಂದು ಅರೆಬರೆ ಗಿಳಿ ಬಂತು. ಗಿಳಿಯ ಕೊಕ್ಕು ಹರಿದು ಕುತ್ತಿಗೆಗೆ ಅಂಟಿಕೊಂಡಿದೆ. ಮಗಳು ಎಡಪುಟದಲ್ಲಿ ಸಾಗರದ ಮನೆ ಬರೆದಳು, ಬಲಪುಟದಲ್ಲಿ ನಾವು ಹೋದ ಭಾನುವಾರ ನೋಡಿ ಬಂದ ಲೋಥಲ್‌ನ ಹಡಗುಕಟ್ಟೆ. ಗಿಳಿಯನ್ನು ಎರಡು ಪುಟದ ಮಧ್ಯದ ಮಡಿಕೆಯ ಮೇಲೆ ಅಂಟಿಸಿದಳು. ಈಗ ಪುಸ್ತಕ ಸರಿಯಾಗಿ ಮುಚ್ಚುತ್ತಿಲ್ಲ. ಟೀಚರ್ ಬೈತಾರೆ ಅಂದೆ. “ಅಜ್ಜಿಗೆ ಫೋಟೋ ಕಳಿಸು ಮೊದ್ಲು” ಅಂದಳು. ಕಳಿಸಿದ್ದೇನೆ.

ಮುಂದಿನ ವಾರ ಸೂರತ್ ಬಂದರಿನ ಕಥೆಯೊಂದಿಗೆ ಸಿಗೋಣ.