ಯಾವ ಪಾನೀಯಕ್ಕೆ ಯಾವ ಗ್ಲಾಸು?

ಲಂಡನ್ನಿನ ಗಾಜಿನ ವ್ಯಾಪಾರಿ ಜಾನ್ ಗ್ರೀನ್ 1667ರಿಂದ 1672ರವರೆಗೆ ವೆನಿಸ್ಸಿನ ಅಲೆಸಿಯೊ ಮೊರೆಲ್ಲಿಗೆ ಬರೆದ ಪತ್ರಗಳು ಇವತ್ತಿಗೂ ಬ್ರಿಟಿಷ್ ಲೈಬ್ರರಿಯಲ್ಲಿವೆ. ತನಗೆ ಎಂಥ ಗ್ಲಾಸು ಬೇಕು ಎಂಬುದನ್ನು ಆತ ಚಿತ್ರ ಬರೆದೇ ತಿಳಿಸುತ್ತಿದ್ದ. ಬಿಯರಿಗೆ ದೊಡ್ಡದು, ಫ್ರೆಂಚ್ ವೈನಿಗೆ ಅದಕ್ಕಿಂತ ಚಿಕ್ಕದು, ಸ್ಪೇನಿನ ಕಡು ವೈನಿಗೆ ಇನ್ನೂ ಚಿಕ್ಕದು. ಒಂದೊಂದು ಪಾನೀಯಕ್ಕೆ ಒಂದೊಂದು ಗ್ಲಾಸು ಎಂಬ ವಿಚಾರ ಅಷ್ಟು ಹಳೆಯದು. ಆದರೆ ಆ ಪತ್ರಗಳಲ್ಲಿ ಪರಿಮಳದ ಮಾತಿಲ್ಲ, ನಾಲಗೆಯ ಮಾತಿಲ್ಲ. ಇರುವುದು ಅಳತೆಯ ಲೆಕ್ಕ ಮಾತ್ರ. ಕಡು ಪಾನೀಯವನ್ನು ಕಡಿಮೆ ಕುಡಿಯಬೇಕು, ಅಷ್ಟೇ.

ಕನ್ನಡದಲ್ಲಿ ಗಾಜು ಬೇರೆ, ಗ್ಲಾಸು ಬೇರೆ. ಒಂದು ವಸ್ತು, ಇನ್ನೊಂದು ಪಾತ್ರೆ. ಹಾಗಾಗಿಯೇ ಸ್ಟೀಲ್ ಗ್ಲಾಸು ಎಂದರೆ ಯಾರಿಗೂ ನಗು ಬರುವುದಿಲ್ಲ. ಇಂಗ್ಲಿಷಿನವರಿಗೆ ಎರಡೂ ಒಂದೇ ಪದವಾದದ್ದರಿಂದ, ಗಾಜಿನ ಚರಿತ್ರೆಯೂ ಕುಡಿತದ ಚರಿತ್ರೆಯೂ ಅಲ್ಲಿ ಒಂದರೊಳಗೊಂದು ಹೆಣೆದುಕೊಂಡಿವೆ.

ವೆನಿಸ್ 1291ರಲ್ಲಿ ತನ್ನ ಗಾಜಿನ ಕುಲುಮೆಗಳನ್ನೆಲ್ಲ ಮುರಾನೊ ದ್ವೀಪಕ್ಕೆ ಕಳಿಸಿತು. ಹದಿನೈದನೇ ಶತಮಾನದ ನಡುವೆ ಅಲ್ಲಿ ಕ್ರಿಸ್ಟಾಲೊ ಎಂಬ ತಿಳಿಗಾಜು ಹುಟ್ಟಿತು. ಕಾಗದದಷ್ಟು ತೆಳ್ಳಗೆ ಊದಬಹುದಾದ ಗಾಜು ಅದು. ಬಟ್ಟಲಿನ ಕೆಳಗಿನ ದಂಟಿಗೆ ರೆಕ್ಕೆ, ಹಾವು, ಹೂವು ಏನು ಬೇಕಾದರೂ ಅಂಟಿಸಬಹುದಿತ್ತು. ಆದರೆ ಲಂಡನ್ನು ಮುಟ್ಟುವಷ್ಟರಲ್ಲಿ ಪೆಟ್ಟಿಗೆಯೊಳಗೆ ಎಷ್ಟೋ ಒಡೆದಿರುತ್ತಿದ್ದವು.

ವೆನಿಸ್ಸಿನೊಂದಿಗೆ ವ್ಯಾಪಾರ ಮಾಡಿ ಪಳಗಿದ್ದ ಜಾರ್ಜ್ ರೇವನ್ಸ್‌ಕ್ರಾಫ್ಟ್ 1674ರಲ್ಲಿ ಹೊಸ ಗಾಜಿಗೆ ಪೇಟೆಂಟ್ ಪಡೆದ. ಮೊದಮೊದಲು ಮಾಡಿದ ಪಾತ್ರೆಗಳು ಕೆಲವೇ ದಿನಗಳಲ್ಲಿ ಒಳಗೊಳಗೇ ಬಿರುಕುಬಿಟ್ಟು ಮಂಕಾದವು. ಮಿಶ್ರಣಕ್ಕೆ ಸೀಸದ ಆಕ್ಸೈಡ್ ಹೆಚ್ಚಿಸಿದ ಮೇಲೆ ಸರಿಹೋಯಿತು. ಸೀಸದ ಗಾಜು ತೂಕದ್ದು, ಬೆಳಕನ್ನು ಹೆಚ್ಚು ಬಾಗಿಸಿ ಹೊಳೆಯುವಂಥದ್ದು. ಅದರಲ್ಲಿ ವೆನಿಸ್ಸಿನ ನವಿರು ಕುಸುರಿ ಸುಲಭವಲ್ಲ. ಹಾಗಾಗಿ ಇಂಗ್ಲಿಷ್ ಕುಶಲಕರ್ಮಿಗಳು ಹಾವು-ಹೂವು ಬಿಟ್ಟು, ಜಗಲಿಯ ಕಟಕಟೆ ಕಂಬದ ಹಾಗೆ ಉಬ್ಬುತಗ್ಗಿನ ದಪ್ಪ ದಂಟು ಮಾಡಿದರು. ಗಾಜು ತಾನು ಏನಾಗಲಾರೆ ಎಂದು ಹೇಳಿದ್ದನ್ನು ಕೇಳಿಸಿಕೊಂಡದ್ದರಿಂದ ಹುಟ್ಟಿದ ಚೆಲುವು ಅದು.

ಆಮೇಲೆ ಬಂದದ್ದು ತೆರಿಗೆ. 1745ರ ಕಾಯ್ದೆ ಗಾಜಿನ ಕಚ್ಚಾ ಸಾಮಗ್ರಿಗೆ ತೂಕದ ಮೇಲೆ, ಪೌಂಡಿಗೆ ಒಂದು ಪೆನಿಯಂತೆ, ಸುಂಕ ಹಾಕಿತು. ಗ್ಲಾಸುಗಳು ಸಣಕಲಾದವು. ದಂಟಿನೊಳಗೆ ಗಾಳಿಯ ಎಳೆಗಳನ್ನೋ ಬಿಳಿ ಎನಾಮೆಲಿನ ಎಳೆಗಳನ್ನೋ ಸುರುಳಿ ಸುತ್ತಿ ಅಂದಗೊಳಿಸತೊಡಗಿದರು. ಎಲ್ಲವೂ ತೆರಿಗೆಯಿಂದಲೇ ಆಯಿತು ಎಂದು ಸಂಗ್ರಾಹಕರು ಹೇಳುವುದು ತುಸು ಅವಸರದ ಮಾತು. ಹಗುರ ಅಲಂಕಾರದ ಗೀಳು ಯುರೋಪಿನಲ್ಲೆಲ್ಲ ಆಗಲೇ ಹಬ್ಬಿತ್ತು. ಆ ದಿನಗಳಲ್ಲೇ, ಗಡಿಪಾರಾದ ಸ್ಟುವರ್ಟ್ ವಂಶದ ಬೆಂಬಲಿಗರು ಗುಲಾಬಿ ಕೆತ್ತಿದ ಗ್ಲಾಸುಗಳನ್ನು ನೀರಿನ ಬೋಗುಣಿಯ ಮೇಲೆ ಎತ್ತಿ ಹಿಡಿದು, ಸಮುದ್ರದಾಚೆಯ ರಾಜನಿಗೆ ಮಾತಿಲ್ಲದೆ ಶುಭ ಕೋರುತ್ತಿದ್ದರು ಎನ್ನುತ್ತಾರೆ. ಗುಲಾಬಿ ಕಂಡವರಿಗೆ ಗೊತ್ತು, ಕಾಣದವರಿಗೆ ಅದು ಬರೀ ಹೂವು. ಗಾಜಿನ ಸುಂಕ ರದ್ದಾದದ್ದು 1845ರಲ್ಲಿ, ರಾಬರ್ಟ್ ಪೀಲ್ ಸರ್ಕಾರದಲ್ಲಿ.

ಇಷ್ಟರಲ್ಲಿ ಊಟದ ಮೇಜೂ ಬದಲಾಗಿತ್ತು. ಹದಿನೆಂಟನೇ ಶತಮಾನದ ಸಿರಿವಂತರ ಮನೆಯಲ್ಲಿ ಗ್ಲಾಸು ಮೇಜಿನ ಮೇಲೆ ಇರುತ್ತಿದ್ದುದು ಅಪರೂಪ. ಕೇಳಿದಾಗ ಆಳು ತಟ್ಟೆಯಲ್ಲಿ ತರುತ್ತಿದ್ದ, ಕುಡಿದು ಮುಗಿಸಿದ ಕೂಡಲೇ ಒಯ್ಯುತ್ತಿದ್ದ. ಅಂಚಿನಲ್ಲಿ ಕಚ್ಚುಗಳಿದ್ದ ಮಾಂಟೀತ್ ಎಂಬ ಬೋಗುಣಿಯಲ್ಲಿ ತಣ್ಣೀರು ತುಂಬಿ, ಗ್ಲಾಸಿನ ಪಾದವನ್ನು ಕಚ್ಚಿಗೆ ಸಿಕ್ಕಿಸಿ ತಲೆಕೆಳಗಾಗಿ ತೂಗುಹಾಕುತ್ತಿದ್ದರು. ದಂಟು ಇದ್ದದ್ದಕ್ಕೇ ಆ ಉಪಾಯ. ಹತ್ತೊಂಬತ್ತನೇ ಶತಮಾನದಲ್ಲಿ ಒಂದಾದ ಮೇಲೊಂದು ಬಡಿಸುವ ರಷ್ಯನ್ ಪದ್ಧತಿ ಬಂತು. ಪ್ರತಿ ತಿನಿಸಿಗೆ ಒಂದು ವೈನು, ಪ್ರತಿ ವೈನಿಗೆ ಒಂದು ಗ್ಲಾಸು, ಎಲ್ಲವೂ ಮೊದಲೇ ಸಾಲಾಗಿ ಮೇಜಿನ ಮೇಲೆ. ಯಾವುದನ್ನು ಎತ್ತಬೇಕೆಂದು ತಿಳಿಯದವನು ಎಲ್ಲರ ಕಣ್ಣಿಗೆ ಬೀಳುತ್ತಿದ್ದ. ಎಲೆಯ ಮೇಲೆ ಉಪ್ಪು ಎಲ್ಲಿ, ಕೋಸಂಬರಿ ಎಲ್ಲಿ ಎಂದು ತಿಳಿಯದ ಬೀಗರನ್ನು ಓರೆಗಣ್ಣಿನಲ್ಲಿ ನೋಡಿದ ಹಾಗೆ.

ಶಾಂಪೇನಿನ ಅಗಲ ಬಟ್ಟಲನ್ನು ರಾಣಿ ಮರಿ ಆಂಟೊನೆಟ್‌ಳ ಮೊಲೆಯ ಅಚ್ಚಿನಲ್ಲಿ ಮಾಡಿದ್ದೆಂಬ ಕತೆ ಪ್ರಸಿದ್ಧ, ಮತ್ತು ಸುಳ್ಳು. ಆಕೆಯ ರಾಂಬುಯೆ ಹಾಲುಮನೆಗೆ ಸೆವ್ರ್ ಕಾರ್ಖಾನೆ ಮೊಲೆಯಾಕಾರದ ಪಿಂಗಾಣಿ ಬಟ್ಟಲು ಮಾಡಿಕೊಟ್ಟದ್ದು ನಿಜ. ಅದು ಹಾಲಿನದು.

ಆಕಾರವೇ ರುಚಿಯನ್ನು ನಿರ್ಧರಿಸುತ್ತದೆ ಎಂಬ ವಾದ ಬಲವಾದದ್ದು ಇತ್ತೀಚೆಗೆ. ಬೊಹೀಮಿಯಾದ ಗಾಜಿನ ಕುಟುಂಬದ ಕ್ಲೌಸ್ ರೀಡೆಲ್, ಎರಡನೇ ಮಹಾಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡು ಆಸ್ಟ್ರಿಯಾದ ಕುಫ್‌ಸ್ಟೈನ್‌ನಲ್ಲಿ ಹೊಸದಾಗಿ ಶುರುಮಾಡಿದ. 1958ರಲ್ಲಿ ಬರ್ಗಂಡಿ ವೈನಿಗೆಂದೇ ಅಲಂಕಾರವೇ ಇಲ್ಲದ, ತೆಳು ಗಾಜಿನ ದೊಡ್ಡ ಬಟ್ಟಲು ಮಾಡಿದ. 1973ರಲ್ಲಿ ಬೇರೆಬೇರೆ ವೈನುಗಳಿಗೆ ಬೇರೆಬೇರೆ ಗ್ಲಾಸುಗಳ ಸಾಲನ್ನೇ ತಂದ. ಈ ಗ್ಲಾಸುಗಳ ಪ್ರಚಾರದಲ್ಲಿ ಮುಂದೆ ಸೇರಿಕೊಂಡದ್ದು ನಾಲಗೆಯ ನಕ್ಷೆ: ತುದಿಯಲ್ಲಿ ಸಿಹಿ, ಪಕ್ಕದಲ್ಲಿ ಹುಳಿ, ಹಿಂದೆ ಕಹಿ. ಗ್ಲಾಸಿನ ಅಂಚು ವೈನನ್ನು ಸರಿಯಾದ ಜಾಗಕ್ಕೆ ಸುರಿಯುತ್ತದಂತೆ. ಆ ನಕ್ಷೆಯ ಮೂಲ 1901ರ ಒಂದು ಜರ್ಮನ್ ಸಂಶೋಧನೆ. ಅದು ಕಂಡಿದ್ದ ಸಣ್ಣ ವ್ಯತ್ಯಾಸಗಳು ಎಡ್ವಿನ್ ಬೋರಿಂಗ್‌ನ 1942ರ ಪುಸ್ತಕದ ರೇಖಾಚಿತ್ರದಲ್ಲಿ ದೊಡ್ಡ ಗಡಿಗಳಾಗಿ ಕಂಡವು. ಪಠ್ಯಪುಸ್ತಕಗಳು ಅದನ್ನೇ ನಂಬಿದವು. ನಾಲಗೆಯ ಎಲ್ಲ ಅಂಚಿಗೂ ಎಲ್ಲ ರುಚಿಯೂ ತಿಳಿಯುತ್ತದೆ. ಅಲ್ಲದೆ, ತುಟಿಗೆ ತಾಗಿಸದೆ ಎತ್ತಿ ಕುಡಿದು ಬೆಳೆದ ಮನೆಗಳವರಿಗೆ ಗ್ಲಾಸಿನ ಅಂಚಿನ ಶಾಸ್ತ್ರ ಹೇಳುವುದಾದರೂ ಹೇಗೆ?

ಹಾಗೆಂದು ಎಲ್ಲವನ್ನೂ ಬೂಟಾಟಿಕೆಯೆಂದು ತಳ್ಳುವಂತಿಲ್ಲ. ಟೋಕಿಯೋದ ಸಂಶೋಧಕರು ಆಲ್ಕೋಹಾಲಿನ ಆವಿಯನ್ನು ಕಾಣಿಸುವ ಕ್ಯಾಮೆರಾ ಮಾಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. 13 ಡಿಗ್ರಿಯ ವೈನನ್ನು ವೈನ್ ಗ್ಲಾಸಿಗೆ ಹಾಕಿದಾಗ ಆವಿ ಅಂಚಿನಲ್ಲಿ ಉಂಗುರದಂತೆ ನಿಂತಿತು, ನಡುವೆ ಕಡಿಮೆ ಇತ್ತು. ಅಲ್ಲಿ ಮೂಗಿಟ್ಟವರಿಗೆ ಆಲ್ಕೋಹಾಲಿನ ಘಾಟಿಲ್ಲದೆ ಪರಿಮಳ ಸಿಗುತ್ತದೆ. ನೆಟ್ಟನೆಯ ಲೋಟದಲ್ಲೂ ಮಾರ್ಟಿನಿ ಗ್ಲಾಸಿನಲ್ಲೂ ಆ ಉಂಗುರ ಕಾಣಲಿಲ್ಲ. ಅಂದರೆ ಕೆಲಸ ನಡೆಯುವುದು ನಾಲಗೆಯಲ್ಲಲ್ಲ, ಮೂಗಿನಲ್ಲಿ. ಹೊಟ್ಟೆ ಅಗಲವಾಗಿ ಬಾಯಿ ಕಿರಿದಾಗಿದ್ದರೆ ಪರಿಮಳ ನಿಲ್ಲುತ್ತದೆ. ಉದ್ದನೆಯ ಕಿರಿದಾದ ಗ್ಲಾಸಿನಲ್ಲಿ ಶಾಂಪೇನಿನ ಗುಳ್ಳೆ ಹೆಚ್ಚು ಹೊತ್ತು ಉಳಿಯುತ್ತದೆ, ಅಗಲ ಬಟ್ಟಲಿನಲ್ಲಿ ಬೇಗ ಹೋಗುತ್ತದೆ. ದಂಟು ಹಿಡಿದರೆ ಕೈಯ ಬಿಸಿ ತಂಪು ವೈನಿಗೆ ತಗಲದು. ಬ್ರಾಂದಿಯ ಗಿಡ್ಡ ಕಾಲಿನ ಗ್ಲಾಸನ್ನು ಅಂಗೈಯಲ್ಲಿ ಹಿಡಿಯುವುದು ಆ ಬಿಸಿ ತಗಲಲೆಂದೇ.

ವೈನ್ ಪರೀಕ್ಷಿಸುವುದನ್ನೇ ವೃತ್ತಿ ಮಾಡಿಕೊಂಡವರಿಗೆಂದು ಐಎಸ್‌ಒ 1977ರಲ್ಲಿ ಒಂದು ಮಾನಕ ಗೊತ್ತುಮಾಡಿತು. ಕೆಂಪಾಗಲಿ ಬಿಳಿಯಾಗಲಿ ಒಂದೇ ಗ್ಲಾಸು: 155 ಮಿಲಿಮೀಟರ್ ಎತ್ತರ, ಒಳಗೆ 215 ಮಿಲಿಲೀಟರ್ ಜಾಗ. ಮನೆಬಳಕೆಯ ಗ್ಲಾಸುಗಳು ಬೇರೆ ದಾರಿ ಹಿಡಿದವು. ಕೇಂಬ್ರಿಜ್‌ನ ಸಂಶೋಧಕರು ಇಂಗ್ಲೆಂಡಿನ 411 ವೈನ್ ಗ್ಲಾಸುಗಳ ಅಳತೆ ಕಲೆಹಾಕಿ 2017ರಲ್ಲಿ ಪ್ರಕಟಿಸಿದರು. 1700ರ ದಶಕಗಳಲ್ಲಿ ಸರಾಸರಿ 66 ಮಿಲಿಲೀಟರ್ ಹಿಡಿಯುತ್ತಿದ್ದ ಗ್ಲಾಸು ಈಗ 449 ಹಿಡಿಯುತ್ತದೆ. ಅಂದಿನ ಗ್ಲಾಸಿನಿಂದ ಆರು ಸಲ ಸುರಿದರೂ ಇಂದಿನದು ತುಂಬುವುದಿಲ್ಲ.