ಕಪಿಲರು: ಗೆಳೆಯನ ಮಕ್ಕಳನ್ನು ಕೈಬಿಡದ ಕವಿ

ತಮಿಳಿನ ಅತ್ಯಂತ ಹಳೆಯ ಕಾವ್ಯಕ್ಕೆ ಸಂಗಂ ಸಾಹಿತ್ಯವೆಂದು ಹೆಸರು. ಸುಮಾರು 2000 ವರ್ಷಗಳ ಹಿಂದಿನ ಆ ಕವಿಗಳಲ್ಲಿ ಕಪಿಲರು ಅಗ್ರಗಣ್ಯರು. ಇನ್ನೂರಕ್ಕೂ ಹೆಚ್ಚು ಪದ್ಯಗಳು ಅವರ ಹೆಸರಿನಲ್ಲಿ ಉಳಿದಿವೆ. ಬೆಟ್ಟದ ಸೀಮೆಯ ಪ್ರೇಮವನ್ನು ಹಾಡುವ ಅವರ 'ಕುರಿಂಜಿಪ್ಪಾಟ್ಟು' 261 ಸಾಲುಗಳ ಕಾವ್ಯ. ಅದರಲ್ಲಿ ಹುಡುಗಿಯರು ಕೊಯ್ದು ತಂದ 99 ಹೂಗಳ ಹೆಸರುಗಳಿವೆ.

ಕಪಿಲರ ಬಾಳು ಪರಂಬು ಬೆಟ್ಟದ ನಾಯಕ ಪಾರಿಯ ಬಾಳಿನೊಂದಿಗೆ ಹೆಣೆದುಕೊಂಡಿದೆ. ಇಂದಿನ ಶಿವಗಂಗಾ ಜಿಲ್ಲೆಯ ಪಿರಾನ್‌ಮಲೈಯನ್ನೇ ಪರಂಬು ಎಂದು ಗುರುತಿಸುತ್ತಾರೆ. ಆಸರೆಯಿಲ್ಲದ ಮೊಲ್ಲೆ ಬಳ್ಳಿಗೆ ತನ್ನ ರಥವನ್ನೇ ಬಿಟ್ಟುಕೊಟ್ಟ ದಾನಿ ಪಾರಿ. ಚೇರ, ಚೋಳ, ಪಾಂಡ್ಯ ಮೂವರೂ ಒಂದಾಗಿ ಅವನ ಬೆಟ್ಟವನ್ನು ಮುತ್ತಿದಾಗ ಕಪಿಲರು ಗೆಳೆಯನ ಪಕ್ಕದಲ್ಲಿದ್ದರು. ಪರಂಬಿನ 300 ಊರುಗಳೂ ಆಗಲೇ ಬೇಡಿಬಂದವರ ಪಾಲಾಗಿವೆ, ಕತ್ತಿ ಹಿಡಿದು ಬಂದವರಿಗೆ ಸಿಗುವುದೇನೂ ಇಲ್ಲ ಎಂದು ಅರಸರನ್ನು ಪದ್ಯದಲ್ಲೇ ಚುಚ್ಚಿದರು. ಕೊನೆಗೆ ಪಾರಿ ಮಡಿದ.

ಆಗ ಕಪಿಲರು ಪಾರಿಯ ಇಬ್ಬರು ಹೆಣ್ಣುಮಕ್ಕಳ ಹೊಣೆ ಹೊತ್ತರು. ವಿಚ್ಚಿಕ್ಕೋನ್, ಇರುಂಗೋವೇಳ್ ಎಂಬ ನಾಯಕರ ಬಳಿಗೆ ಹೋಗಿ, ಈ ಹುಡುಗಿಯರನ್ನು ವರಿಸಬೇಕೆಂದು ಕೇಳಿದರು. ಇವರು ನನ್ನ ಮಕ್ಕಳೆಂದೇ ಹೇಳಿದರು. ಇಬ್ಬರೂ ಒಪ್ಪಲಿಲ್ಲ. ಇರುಂಗೋವೇಳನಿಗಂತೂ ಕಪಿಲರು ಮುಖಕ್ಕೆ ಹೊಡೆದಂತೆ ಹಾಡಿ ಹೊರಟರು.

ಮಕ್ಕಳಿಗೊಂದು ನೆಲೆ ಕಾಣಿಸಿ, ಉತ್ತರಕ್ಕೆ ಮುಖಮಾಡಿ ಉಪವಾಸ ಕುಳಿತು ಅವರು ಪ್ರಾಣ ಬಿಟ್ಟರೆಂದು ಹಳೆಯ ಟಿಪ್ಪಣಿಗಳು ಹೇಳುತ್ತವೆ. ಬೆಂಕಿಯನ್ನು ಹೊಕ್ಕರೆಂದು ತಿರುಕ್ಕೋಯಿಲೂರಿನಲ್ಲಿರುವ, ರಾಜರಾಜ ಚೋಳನ ಕಾಲದ ಶಾಸನ ಹೇಳುತ್ತದೆ. ಅಲ್ಲಿ ಪೆಣ್ಣೆ ನದಿಯ ನಡುವಿನ ಬಂಡೆಯೊಂದಕ್ಕೆ ಇಂದಿಗೂ ಕಪಿಲರ ಹೆಸರಿದೆ. ಆ ಪೆಣ್ಣೆ ಬೇರೆ ಯಾವುದೋ ನದಿಯಲ್ಲ, ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯೇ.

ಈ ಪದ್ಯಗಳು ತಾಳೆಗರಿಗಳಲ್ಲೇ ಗೆದ್ದಲು ಹಿಡಿದು ಹೋಗಬಹುದಿತ್ತು. ಉ.ವೇ. ಸ್ವಾಮಿನಾಥ ಅಯ್ಯರ್ ಎಂಬ ತಮಿಳು ಮೇಷ್ಟರು ಊರೂರು ಅಲೆದು ಓಲೆಗಳನ್ನು ಹುಡುಕಿ, 1889ರಲ್ಲಿ 'ಪತ್ತುಪ್ಪಾಟ್ಟು', 1894ರಲ್ಲಿ 'ಪುರನಾನೂರು' ಸಂಕಲನಗಳನ್ನು ಅಚ್ಚು ಹಾಕಿಸಿದರು. ನಾಲ್ಕು ವರ್ಷದ ಹಿಂದಿನ ಫೈಲು ಹುಡುಕಲು ಪರದಾಡುವ ನನ್ನಂಥ ಸಾಫ್ಟ್‌ವೇರ್ ಎಂಜಿನಿಯರ್‌ಗೆ ಆ ಶ್ರಮದ ಬೆಲೆ ಚೆನ್ನಾಗಿ ಗೊತ್ತು.

ಪರಂಬನ್ನು ಮುತ್ತಿದವರನ್ನು ಕಪಿಲರು ಬರಿಯ 'ಮೂವರು ಅರಸರು' ಎಂದು ಕರೆದು ಬಿಟ್ಟಿದ್ದಾರೆ. ಸೋತ ಪಾರಿಯ ಹೆಸರು ಮಾತ್ರ ಪದ್ಯದಿಂದ ಪದ್ಯಕ್ಕೆ ಬರುತ್ತದೆ. ತಮಿಳರು ದಾನಿಯ ಮಾತು ಬಂದಾಗ ಇಂದಿಗೂ ನೆನೆಯುವುದು ಅವನನ್ನೇ.

– ಹಳೆಯ ವಿದ್ಯಾರ್ಥಿ, ಬಿ.ಇ.