ಚಿನ್ನದ ಗಣಿ, ಬೇತಮಂಗಲದ ನೀರು

ಕೋಲಾರ ಚಿನ್ನದ ಗಣಿ ಮತ್ತು ಬಂಗಾರಪೇಟೆಯ ಆಸುಪಾಸಿನಲ್ಲಿ ಪ್ರವಾಸಿಗರು ಅರಸಿ ಹೋಗುವ ತಾಣಗಳಲ್ಲಿ ಹೆಚ್ಚಿನವು ಒಂದೋ ನೀರಿನಿಂದ ಹುಟ್ಟಿದವು, ಇಲ್ಲವೇ ಚಿನ್ನದಿಂದ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಈ ಜಿಲ್ಲೆಯಲ್ಲಿ ನೀರು ಬತ್ತದ ಎಡೆ ತಾನಾಗಿಯೇ ಪುಣ್ಯಕ್ಷೇತ್ರವಾಯಿತು. ಕೋಲಾರ ಪಟ್ಟಣದ ಪಶ್ಚಿಮಕ್ಕಿರುವ ಶತಶೃಂಗ ಬೆಟ್ಟದ ಅಂತರಗಂಗೆಯಲ್ಲಿ, ಕಾಶಿ ವಿಶ್ವೇಶ್ವರನ ಗುಡಿಯ ಬಳಿ, ಕಲ್ಲಿನ ಬಸವನ ಬಾಯಿಂದ ಬೇಸಿಗೆಯಲ್ಲೂ ಧಾರೆಯಾಗಿ ಇಳಿಯುವ ನೀರನ್ನು ಜನ ತೀರ್ಥವೆಂದು ತಲೆಯ ಮೇಲೆ ಪ್ರೋಕ್ಷಿಸಿಕೊಳ್ಳುತ್ತ ಬಂದಿರುವುದಕ್ಕೆ ಈ ಬರಡುತನವೇ ಹಿನ್ನೆಲೆ.

ಚಿನ್ನದ ಕಥೆ ಇದಕ್ಕಿಂತ ಭಿನ್ನ. 1802ರಲ್ಲಿ ಮೈಸೂರು ಸೀಮೆಯ ಗಡಿ ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ ಉರಿಗಾಂ ಮತ್ತು ಮಾರಿಕುಪ್ಪಂ ಸುತ್ತಿನ ಹಳ್ಳಿಗರು ಮಣ್ಣನ್ನು ತೊಳೆದು ಹೊನ್ನಿನ ಕಣ ತೆಗೆಯುವುದನ್ನು ಕಂಡು ವರದಿ ಬರೆದನು. ಅದನ್ನು ಓದಿದ್ದ ಮೈಕೆಲ್ ಲ್ಯಾವೆಲ್ ಎಂಬ ನಿವೃತ್ತ ಐರಿಷ್ ಸೈನಿಕನು 1870ರ ದಶಕದಲ್ಲಿ ಗಣಿಗಾರಿಕೆಯ ಹಕ್ಕನ್ನು ಮೈಸೂರು ಸರ್ಕಾರದಿಂದ ಪಡೆದನು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಕೆಲಸ ಭರದಿಂದ ಸಾಗಿತು. ಆಗ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಇಂದಿನ ಬಂಗಾರಪೇಟೆಯಿಂದ 1894ರಲ್ಲಿ ಮಾರಿಕುಪ್ಪಂಗೆ ರೈಲು ಹಾದಿ ಬಂತು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂತು.

ಆದರೆ ಗಣಿಗೆ ರೈಲು ಮತ್ತು ವಿದ್ಯುತ್ತಿನಷ್ಟೇ ಅನಿವಾರ್ಯವಾಗಿದ್ದದ್ದು ನೀರು. ಅದಿರನ್ನು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ಬೇರ್ಪಡಿಸುವ ವಿಧಾನಕ್ಕೆ ಹೇರಳ ನೀರು ಬೇಕಾಗಿತ್ತು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬಂದು ಲೈನ್ ಮನೆಗಳಲ್ಲಿ ನೆಲೆಸಿದ ಸಾವಿರಾರು ಕಾರ್ಮಿಕ ಕುಟುಂಬಗಳಿಗೆ ಕುಡಿಯಲೂ ಬೇಕಾಗಿತ್ತು. ಇದಕ್ಕಾಗಿ 20ನೇ ಶತಮಾನದ ಆರಂಭದಲ್ಲಿ ಬೇತಮಂಗಲದಲ್ಲಿ ಪಾಲಾರ್ ನದಿಯ ಕೆರೆಯಿಂದ ನೀರೆತ್ತಿ, ಶೋಧಿಸಿ, ಕೊಳವೆಗಳಲ್ಲಿ ಗಣಿಯೂರಿಗೆ ಸಾಗಿಸುವ ವ್ಯವಸ್ಥೆ ಏರ್ಪಟ್ಟಿತು. ಇಂದು ವಿಹಾರಕ್ಕೆಂದು ಏರಿಯ ಮೇಲೆ ನಡೆದಾಡುವವರು ನಿಜವಾಗಿ ನಿಂತಿರುವುದು ಗಣಿಯ ಒಂದು ಅಂಗದ ಮೇಲೆಯೇ. ಹೀಗಿದ್ದೂ ಈ ಕೆರೆಯನ್ನು ಗಣಿಯ ಇತಿಹಾಸದೊಂದಿಗೆ ಸೇರಿಸಿ ಹೇಳುವವರು ವಿರಳ.

ಬೇತಮಂಗಲದ ಕಡೆಗೆ ಹೋಗುವ ಯಾತ್ರಿಕರಲ್ಲಿ ಹಲವರು ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ 108 ಅಡಿ ಎತ್ತರದ ಲಿಂಗವನ್ನೂ ಅದರೆದುರಿನ 35 ಅಡಿಯ ನಂದಿಯನ್ನೂ ನೋಡಿ ಹಿಂದಿರುಗುತ್ತಾರೆ.

ಎಲ್ಲಕ್ಕಿಂತ ದೊಡ್ಡ ಸ್ಮಾರಕವಾದ ಗಣಿ ಮಾತ್ರ ಸಾಮಾನ್ಯ ನೋಡುಗರಿಗೆ ಮುಚ್ಚಿದೆ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆ ಮುಟ್ಟಲಾರದಷ್ಟು ಕಾದಿರುತ್ತಿತ್ತು, ಒತ್ತಡ ತಾಳದೆ ಒಮ್ಮೆಲೇ ಸಿಡಿಯುತ್ತಿತ್ತು, ಇಂಥ ಸಿಡಿತಗಳಲ್ಲಿ ಅನೇಕ ಕಾರ್ಮಿಕರು ಪ್ರಾಣ ತೆತ್ತರು. ಭೂಮಿಯ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳ ಕುರುಹು ಪ್ರಪಂಚದಲ್ಲೇ ಮೊದಲಿಗೆ ದೊರೆತ ಪ್ರಯೋಗಗಳಲ್ಲಿ ಒಂದು 1965ರಲ್ಲಿ ನಡೆದದ್ದೂ ಈ ಗಣಿಯೊಳಗೇ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿ ಪಂಪುಗಳು ನಿಂತ ಮೇಲೆ, ನೀರಿಗಾಗಿ ಬೇತಮಂಗಲದವರೆಗೆ ಕೈಚಾಚಿದ್ದ ಊರಿನ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಮೇಲೆ ಉಳಿದಿರುವುದು ಚಿನ್ನ ತೆಗೆದ ಅದಿರಿನ ಪುಡಿ ರಾಶಿಯಾದ ಬೂದುಬಣ್ಣದ ಸೈನೈಡ್ ದಿಬ್ಬಗಳು. ಚಲನಚಿತ್ರಗಳಿಂದ ಹೆಸರಾದ ಇವು ಬಿರುಗಾಳಿಗೆ ದೂಳಾಗಿ ಸುತ್ತಲಿನ ಮನೆಗಳ ಮೇಲೆ ಬೀಳುತ್ತವೆಂಬುದನ್ನು ನೋಡಬರುವವರು ಮರೆಯಬಾರದು.

ದಿಬ್ಬಗಳ ಮುಂದೆ ಚಿತ್ರ ತೆಗೆಸಿಕೊಳ್ಳುವುದು ಈ ಊರಿನ ಇತಿಹಾಸವನ್ನು ಕಂಡಂತಾಗದು. ಶಾಫ್ಟುಗಳ ಮೇಲಿನ ಉಕ್ಕಿನ ಗೋಪುರಗಳಲ್ಲಿ ಉಳಿದವನ್ನು ಹಾಗೂ ಬೇತಮಂಗಲದ ಹಳೆಯ ನೀರು ಸರಬರಾಜು ವ್ಯವಸ್ಥೆಯ ಅವಶೇಷಗಳನ್ನು ಒಂದೇ ಸ್ಮಾರಕವಾಗಿ ಪರಿಗಣಿಸಿ, ಅಲ್ಲಿ ದುಡಿದವರ ವಿವರಗಳೊಂದಿಗೆ ಜನರಿಗೆ ತೆರೆದಿಡುವ ಕೆಲಸವನ್ನು ರಾಜ್ಯ ಮತ್ತು ಕೇಂದ್ರ ಸರ್ಕಾರಗಳು, ಗಣಿಯನ್ನು ಬಲ್ಲ ಹಿರಿಯ ಕಾರ್ಮಿಕರು ಇರುವಾಗಲೇ ಕೈಗೆತ್ತಿಕೊಳ್ಳಬೇಕು.